ಎಡಗಾಲಿನ ಲಾಳ

ನಾನು ಎಡಗಾಲಿನ ಬೂಟು. ಸಿಪಾಯಿಗಳು ಕವಾಯತಿಗೆ ಹಾಕುವ, ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿದ ಕರಿ ಬೂಟು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟದ್ದು ಬೆಳಗಾವಿ ಕಡೆಯ ಒಂದು ಸೈನಿಕ ತರಬೇತಿ ಶಿಬಿರದ ಗೋದಾಮಿನಲ್ಲಿ. ಬಲಗಾಲಿನ ಅಣ್ಣನ ಜೊತೆ ನನ್ನನ್ನು ಲೇಸಿನಲ್ಲಿ ಕಟ್ಟಿ, ಹೊಸದಾಗಿ ಸೇನೆಗೆ ಸೇರಿದ ಭೀಮಶಿ ಎಂಬ ರಂಗರೂಟನ ಕೊರಳಿಗೆ ನೇತುಹಾಕಿದರು.

ಮೊದಲ ವಾರ ನಾನು ಅವನ ಹಿಮ್ಮಡಿ ಕಚ್ಚಿದೆ. ಪಾಪ, ಬೈಯಲಿಲ್ಲ. ಪಾಲಿಶ್ ತಿಕ್ಕಿ ತಿಕ್ಕಿ ನನ್ನ ಮೂತಿಯಲ್ಲಿ ತನ್ನ ಚಿಗುರು ಮೀಸೆ ನೋಡಿಕೊಂಡ.

ಐದನೆಯ ತಿಂಗಳು ಅವನ ಎಡ ಮೊಣಕಾಲಿನ ಕೆಳಗಿನ ಎಲುಬು ನೋಯತೊಡಗಿತು. ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ದಿನಾ ಓಟ, ದಿನಾ ನೆಲಕ್ಕೆ ಕಾಲು ಬಡಿತ, ಅಷ್ಟೇ. ತರಬೇತಿ ಮುಗಿಸುವ ಶಪಥದ ಪರೇಡಿಗೆ ಮೂರೇ ವಾರ. ನೋವೆಂದರೆ ಹಿಂದೆ ಬರುವ ಹೊಸ ತಂಡಕ್ಕೆ ತಳ್ಳುತ್ತಾರೆ. ಊರಲ್ಲಿ ಅವ್ವ ಪರೇಡು ನೋಡಲು ಎರಡು ಟಂಟಂ ಗಾಡಿ ಗೊತ್ತುಮಾಡಿಬಿಟ್ಟಿದ್ದಳು.

“ಭೀಮ್ಯಾ, ಕುಂಟಾಕತ್ತಿಯೇನಲೇ?” ಎಂದ ಪಕ್ಕದ ಮಂಚದ ಕಲ್ಮೇಶ.

“ಕುಂಟೂದಲ್ಲಲೇ, ಸ್ಟೈಲ್!”

ಒಂದು ದಿನ ಸಾಮಾನಿನ ತಪಾಸಣೆ. ಮೂತಿ ಹೊಳೆಸಿ ಅಂಗಾಲು ಮರೆಯುವುದು ರಂಗರೂಟರ ಹುಟ್ಟುಗುಣ. ಅವರಿಗೆ ಕವಾಯತು ಕಲಿಸುವ ಹವಾಲ್ದಾರ್ ಯಲ್ಲನಗೌಡರು ನಮ್ಮಿಬ್ಬರನ್ನೂ ಬೋರಲು ಹಾಕಿದರು.

“ಎರಡಕ್ಕೂ ಹೋದ ತಿಂಗಳ ಹೊಸಾ ಲಾಳ ಬಡಿಸೇವಿ. ಬಲಗಾಲಿಂದು ಸವದು ಬ್ಲೇಡ್ ಆಗೇತಿ. ಎಡಗಾಲಿಂದು ಮದುಮಗಳಂಗ ಹೊಸಾದು. ಯಾಕಲೇ?”

“ಉಸ್ತಾದ್, ನಾ ಬಲಕ್ಕ ಜ್ವಾರ ಒತ್ತತೀನ್ರಿ.”

“ಹೌದ? ಎಡಗಾಲ ಮ್ಯಾಲೆ ಕುಪ್ಪಳಿಸು ನೋಡೂಣು.”

ಒಮ್ಮೆ ಕುಪ್ಪಳಿಸಿದ. ಎರಡನೆಯ ಸಲಕ್ಕೆ ಕಾಲು ಹಿಡಿದು ಕುಳಿತುಬಿಟ್ಟ.

ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಇನ್ನೊಂದು ವಾರ ಓಡಿದ್ದರೆ ಎರಡು ತುಂಡಾಗುತ್ತಿತ್ತು ಎಂದರು ಡಾಕ್ಟರು. ಅವನ ತಂಡ ಅವನಿಲ್ಲದೆ ಶಪಥ ಮಾಡುವುದು ಖಾತ್ರಿಯಾಯಿತು. ನಾಲ್ಕು ದಿನ ಭೀಮಶಿ ಮಂಚದ ಕೆಳಗಿದ್ದ ನನ್ನ ಮುಖ ಸಹ ನೋಡಲಿಲ್ಲ. ನನಗೂ ಸಂಕಟವೇ. ಐದನೆಯ ದಿನ ಅವ್ವನ ಫೋನು ಬಂತು: “ಟಂಟಂನವಗ ಬ್ಯಾಡ ಅಂದೀನಿ. ಮುಂದಿನ ಸಲ ಮೂರು ತರ್ತೀನಿ. ನೀ ಕಾಲು ಸುಮ್ನ ಇಡು.” ಆ ಸಂಜೆ ನನ್ನನ್ನು ಎಳೆದುಕೊಂಡು, ಎಲ್ಲಿಗೂ ಹೋಗುವುದಿಲ್ಲದಿದ್ದರೂ, ಪಾಲಿಶ್ ಮಾಡಿದ.

ಹೊಸ ತಂಡದ ಹುಡುಗರು ಅವನನ್ನು ಅಜ್ಜನಾಗಿಸಿ ‘ಮುತ್ಯಾ’ ಎಂದು ಕರೆದರು. ಅವರ ಸಾಲಿನಲ್ಲೇ ಕೊನೆಗೂ ಅವನ ಪರೇಡು. ಎಡಗಾಲು ಎತ್ತಿದವನು ಗಾಳಿಯಲ್ಲಿ ಒಂದರೆಕ್ಷಣ ತಡೆದ. ನಾನೂ ಉಸಿರು ಹಿಡಿದೆ. ಆಮೇಲೆ ಬಡಿದ ನೋಡಿ, ಮೂರು ಟಂಟಂ ಮಂದಿಯ ಸೀಟಿ ಆ ಸಪ್ಪಳದಲ್ಲಿ ಮುಳುಗಿತು.

ಈಗ ನನ್ನ ಚರ್ಮ ಸೀಳಿದೆ. ಗಡಿಯಲ್ಲಿರುವ ಭೀಮಶಿಗೆ ಬೇರೆ ಬೂಟು. ನಾನು ಅವನ ಮನೆಯ ಮಾಳಿಗೆಯ ಮೇಲೆ, ಒಣಮೆಣಸಿನಕಾಯಿಯ ಪಕ್ಕ ಬಿಸಿಲು ಕಾಯುತ್ತೇನೆ. ಅವ್ವ ಮೆಣಸಿನಕಾಯಿಗೆ ಕೈಯಾಡಿಸಲು ಬಂದಾಗ ಒಮ್ಮೊಮ್ಮೆ ನನ್ನೊಳಗೆ ಕೈಯಿಟ್ಟು ಕೂರುತ್ತಾಳೆ.

“ಅಷ್ಟು ನೋವು ನುಂಗಿಕೊಂಡು ಓಡೇತಿ ಕೂಸು. ಯಾರಿಗೂ ಹೇಳಲೇ ಇಲ್ಲ.”

ಅವನು ಹೇಳಲಿಲ್ಲ, ಅವ್ವಾ. ನಾನು ಹೇಳಿದೆ.