ನಂಬಿದ ಗಳಿಗೆ

"ಫೋನ್ ಇಟ್ರೆ ನಿಮ್ಮ ಮಗ ನೇರ ಜೈಲಿಗೆ. ಪಕ್ಕದಲ್ಲಿ ಯಾರಿದಾರೆ?"

"ಯಾರೂ ಇಲ್ಲ ಸರ್," ಎಂದಳು ಅತ್ತೆ. ಎದುರಿಗೇ ಸೊಸೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದಳು.

ಪೊಲೀಸ್ ಎಂದು ಹೇಳಿಕೊಂಡವನ ದನಿಯ ಹಿಂದೆ ವೈರ್‌ಲೆಸ್ಸಿನ ಗರಗರ ಕೇಳುತ್ತಿತ್ತು. ಮಗ ಕುಡಿದು ಕಾರು ಓಡಿಸಿ ಒಂದು ಮಗುವಿಗೆ ಗುದ್ದಿದ್ದಾನಂತೆ. ತಕ್ಷಣ ಹಣ ಹಾಕಿದರೆ ಕೇಸು ಬರೆಯುವುದಿಲ್ಲವಂತೆ. ಆಮೇಲೆ ಯಾರೋ "ಅಮ್ಮಾ, ಕಾಪಾಡಮ್ಮಾ" ಎಂದು ಬಿಕ್ಕಿದರು. ಅತ್ತೆಗೆ ಅನಿಸಿದ್ದು ಒಂದೇ: ಮತ್ತೆ ಶುರುಮಾಡಿದ್ದಾನೆ. ಅವನು ಕುಡಿತ ಬಿಟ್ಟು ವರ್ಷಗಳಾದರೂ, ದಿನಾ ಸಂಜೆ ಊಟದ ಡಬ್ಬಿ ಇಸಿದುಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಅವನ ಉಸಿರು ಮೂಸುವುದನ್ನು ಅವಳು ಬಿಟ್ಟಿರಲಿಲ್ಲ.

ಸೊಸೆ ಫೋನ್ ಕಿತ್ತುಕೊಂಡು ಕಟ್ ಮಾಡಿದಳು.

"ಅಯ್ಯೋ ಪಾಪಿ! ಅವನನ್ನ ಹೊಡೆದು ಹಾಕ್ತಾರೆ ಕಣೇ!"

"ಫೋನಲ್ಲಿ ದುಡ್ಡು ಕೇಳೋರು ಪೊಲೀಸ್ರಲ್ಲ ಅತ್ತೆ, ಕಳ್ಳರು. ತಾಳಿ, ಇವರಿಗೇ ಮಾಡ್ತೀನಿ."

ಗಂಡನ ಫೋನ್ ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಈಗ ಸೊಸೆಯ ಮುಖವೂ ಬಿಳಿಚಿತು. ಅತ್ತೆಯ ಫೋನಿನಲ್ಲಿ ಅದೇ ಅಪರಿಚಿತ ನಂಬರು ಬಡಿದುಕೊಳ್ಳುತ್ತಿತ್ತು. ಕೊನೆಗೆ ಅವನು ಕೆಲಸ ಮಾಡುವ ಡ್ರೈವಿಂಗ್ ಸ್ಕೂಲಿಗೇ ಫೋನ್ ಮಾಡಿದಳು.

"ಇಲ್ಲೇ ಇದಾನಲ್ಲಮ್ಮ," ಎಂದ ಮಾಲೀಕ. "ಕಲಿಸುವಾಗ ಫೋನ್ ಡ್ರಾಯರಿನಲ್ಲಿಡಬೇಕು ಅಂತ ರೂಲ್ಸಲ್ವಾ? ಒಬ್ಬ ಅಜ್ಜನಿಗೆ ರಿವರ್ಸ್ ಹೇಳಿಕೊಡ್ತಿದಾನೆ. ನನ್ನ ಗೇಟು ಉಳಿದ್ರೆ ಸಾಕು. ಕೂಗಲಾ?"

"ಬೇಡ ಸರ್," ಎಂದು ಸೊಸೆ ಫೋನ್ ಇಟ್ಟಳು. ಅತ್ತೆ ಹೇಳಿದಳು: "ಅವನಿಗೆ ಹೇಳ್ಬೇಡ ಕಣೆ."

"ನೀವು ನಂಬಿದ್ರಾ ಅತ್ತೆ?"

"ಅವನು ಫೋನ್ ಎತ್ತದೆ ಇದ್ದಾಗ, ನೀನು?"

ಸೊಸೆ ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಸಂಜೆ ಪಕ್ಕದ ಮನೆಯಾಕೆ ಬಂದಳು. ಬೀದಿಯ ಸುದ್ದಿಯೆಲ್ಲ ಅವಳ ಬಾಯಲ್ಲೇ ಬಿತ್ತರವಾಗುತ್ತಿದ್ದುದರಿಂದ ಎಲ್ಲರಿಗೂ ಅವಳು ರೇಡಿಯೊ ಅಕ್ಕ.

"ಬೆಳಿಗ್ಗೆ ಏನ್ರೀ ಅದು ಕೂಗಾಟ? ಅತ್ತೆ ಸೊಸೆ ಮ್ಯಾಚಾ?"

"ಯಾವನೋ ಕಳ್ಳ, ಪೊಲೀಸ್ ಅಂತ ಫೋನ್ ಮಾಡಿದ್ದ. ನೀನೂ ಹುಷಾರಾಗಿರು."

"ನನ್ನ ಹತ್ರ ಅದೆಲ್ಲ ನಡೆಯಲ್ಲ ಬಿಡಿ. ದನಿ ಕೇಳಿದ್ರೇ ಜಾತಕ ಹೇಳ್ತೀನಿ," ಎಂದು ಅವಳು ನಕ್ಕಳು.

ಅವಳ ಒಬ್ಬಳೇ ಮಗಳು ಹಾಸ್ಟೆಲಿನಲ್ಲಿದ್ದಳು. ಆ ಹುಡುಗಿ ರಾತ್ರಿ ಫೋನ್ ಎತ್ತದಿದ್ದರೆ ಇವಳು ಬೆಳಗಿನವರೆಗೆ ಅಂಗಳದಲ್ಲಿ ಸುತ್ತುವುದನ್ನು ಅತ್ತೆ ಕಿಟಕಿಯಿಂದ ಕಂಡಿದ್ದಳು. ಇಷ್ಟಕ್ಕೇ ಸುಮ್ಮನಾಗಿಬಿಡಬಹುದಿತ್ತು. ತಾನು ನಂಬಿದ್ದನ್ನು ಹೇಳಿದರೆ ನಾಳೆ ಇಡೀ ಬೀದಿಗೆ ಗೊತ್ತಾಗುತ್ತದೆ.

"ದನಿ ಎಲ್ಲಿ ಕೇಳಿಸುತ್ತೆ, ಮಾರಾಯ್ತಿ? ನಾವು ಯಾವುದಕ್ಕೆ ಹೆದರ್ತೀವೋ ಅದೇ ಕೇಳಿಸೋದು. ನನ್ನ ಮಗ ಕುಡಿದು ಮಗುವಿಗೆ ಗುದ್ದಿದಾನೆ ಅಂದ್ರು. ಹೆತ್ತವಳು ನಾನು, ನಂಬಿಬಿಟ್ಟೆ. ಇದ್ದರೂ ಇರಬಹುದು ಅಂತ ಅಲ್ಲ, ಪೂರ್ತಿ ನಂಬಿದೆ. ನಿನಗೆ ಬಂದ್ರೆ ಮೊದಲು ಫೋನ್ ಕಟ್ ಮಾಡು. ಮಗಳಿಗೇ ಮಾಡು. ಅವಳು ಎತ್ತದಿದ್ರೆ ಹಾಸ್ಟೆಲ್ಲಿಗೆ ಮಾಡು."

ರೇಡಿಯೊ ಅಕ್ಕ ಅತ್ತೆಯ ಬೆನ್ನ ಹಿಂದೆ ನೋಡುತ್ತಿದ್ದಳು.

ಅತ್ತೆ ತಿರುಗಿದಳು. ಮಗ ಮೆಟ್ಟಿಲ ಮೇಲೆ ಕುಳಿತು ಶೂ ಬಿಚ್ಚುತ್ತಿದ್ದ. ಎರಡನ್ನೂ ಬಿಚ್ಚಿ ಜೋಡಿಸಿಟ್ಟ ಮೇಲೂ ಅವನು ತಲೆ ಎತ್ತಲಿಲ್ಲ.