ಅರ್ಧ ಹೆಜ್ಜೆ

ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಎವರಿಸ್ತುವಿನ ಕಾಲಲ್ಲಿ ಇನ್ನೂ ಕಸುವು ಉಳಿದಿತ್ತು. ಅವನ ಬಲಗೈಯನ್ನೂ ಅನ್ಸೆಲ್ಮುವಿನ ಎಡಗೈಯನ್ನೂ ಗೇಣುದ್ದದ ಹಗ್ಗವೊಂದು ಕೂಡಿಸಿತ್ತು. "ಎಡಕ್ಕೆ... ಎಡಕ್ಕೆ... ಈಗ ನೇರ!" ಎಂದು ಅನ್ಸೆಲ್ಮು ಕೂಗುತ್ತಿದ್ದ. ಎರಡು ಮಾತಿನ ನಡುವೆ ಏದುಸಿರು. ಮೊದಲೆಲ್ಲ ಈ ಏದುಸಿರು ಇರಲಿಲ್ಲ.

ಹುಟ್ಟುಕುರುಡ ಎವರಿಸ್ತುವನ್ನು ಇಪ್ಪತ್ತರ ಹರೆಯದಲ್ಲಿ ಸೆತೂಬಲ್ ಊರಿನ ಮೈದಾನಕ್ಕೆ ಕರೆತಂದು ಓಡಿಸಿದವನು ಕೊಳಾಯಿ ರಿಪೇರಿಯ ಅನ್ಸೆಲ್ಮುವೇ. ಒಂಬತ್ತು ವರ್ಷ ಜೊತೆಗೆ ಓಡಿ ಯುರೋಪಿನ ಎರಡು ಪದಕ ತಂದಿದ್ದರು. ಎವರಿಸ್ತುವಿನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಮಗುವನ್ನು ಎತ್ತಿಕೊಂಡು ನಿಂತವನೂ ಅವನೇ. ಅಂದಿನಿಂದ ಒಬ್ಬರನ್ನೊಬ್ಬರು 'ಕುಂಪಾದ್ರೆ' ಎಂದು ಕರೆಯುತ್ತಾರೆ. ಆ ನಂಟು ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಆದರೆ ಅನ್ಸೆಲ್ಮುಗೆ ನಲವತ್ನಾಲ್ಕು ತುಂಬಿತ್ತು. "ಜೊತೆಗಾರನ್ನ ಬದಲಾಯಿಸೋ, ಅವನು ನಿನ್ನ ಕಾಲಿಗೆ ಕಟ್ಟಿದ ಕಲ್ಲು," ಎಂದು ಕೋಚ್ ಒಟಿಲಿಯಾ ಚಳಿಗಾಲದಿಂದಲೂ ಹೇಳುತ್ತಿದ್ದಳು. ಎವರಿಸ್ತು ಕೇಳಿಸದವನಂತೆ ಇದ್ದುಬಿಟ್ಟಿದ್ದ. ಬೇಕಾದಾಗ ಕುರುಡನಿಗೆ ಕಿವುಡೂ ಬರುತ್ತದೆ.

ಬದಲಿಗೆ ಅವನು ಒಂದು ಉಪಾಯ ಮಾಡಿಕೊಂಡಿದ್ದ. ಕೊನೆಯ ನೂರು ಮೀಟರಿನಲ್ಲಿ, ಅನ್ಸೆಲ್ಮುವಿನ ಉಸಿರು ಕಿತ್ತು ಬರತೊಡಗಿದೊಡನೆ, ತನ್ನ ಹೆಜ್ಜೆಯನ್ನು ಕೊಂಚ ಚಿಕ್ಕದು ಮಾಡುವುದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಂದೂ ಅದನ್ನೇ ಮಾಡಿದ. ಸಾವಿರದೈನೂರು ಮೀಟರನ್ನು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನೊಳಗೆ ಮುಗಿಸಿದರೆ, ನಾಲ್ಕು ವರ್ಷಕ್ಕೊಮ್ಮೆ ಬರುವ ಅಂಗವಿಕಲರ ಒಲಿಂಪಿಕ್ಸಿಗೆ ಹೋಗಬಹುದು. ಅದಕ್ಕೆ ಇಂದೇ ಕೊನೆಯ ದಿನ. ಎರಡು ಸೆಕೆಂಡು ಉಳಿಯುತ್ತದೆಂದು ಅವನ ಲೆಕ್ಕ.

ಗೆರೆ ದಾಟಿದ್ದು ಕಾಲಿಗೇ ಗೊತ್ತಾಯಿತು.

"ಎಷ್ಟು?"

"ನಾಲ್ಕು ಹತ್ತು," ಎಂದ ಅನ್ಸೆಲ್ಮು.

ಎವರಿಸ್ತು ಕೂಗುತ್ತ ಕೈ ಎತ್ತಿದ. ಹಗ್ಗದ ಆ ತುದಿಯ ಕೈ ಮಾತ್ರ ಮೇಲೇಳಲಿಲ್ಲ.

"ಏನಾಯ್ತೋ?"

"ನಾನು ಮುಂದಾಗ್ಬಿಟ್ಟೆ, ಕುಂಪಾದ್ರೆ. ಅರ್ಧ ಹೆಜ್ಜೆ. ಕೆಂಪು ಬಾವುಟ ಎತ್ತಿದಾರೆ."

ಕುರುಡನ ಎದೆ ಮೊದಲು ಗೆರೆ ದಾಟಬೇಕು, ಜೊತೆಗಾರ ಹಿಂದೆ ಬರಬೇಕು. ತಪ್ಪಿದರೆ ಓಟವೇ ಲೆಕ್ಕಕ್ಕಿಲ್ಲ. ಅನ್ಸೆಲ್ಮು ಟ್ರ್ಯಾಕಿನ ಮೇಲೆಯೇ ಕುಸಿದು ಕುಳಿತ. ಹಗ್ಗ ಎಳೆದದ್ದರಿಂದ ಎವರಿಸ್ತುವೂ ಕುಳಿತ.

"ಚಳಿಗಾಲದಿಂದ ಕೊನೇಲಿ ನಿನ್ನ ಸಮಕ್ಕೆ ಸಲೀಸಾಗಿ ಬರ್ತಿದ್ದೆ ಕಣೋ. ಹಳೇ ಕಾಲು ವಾಪಸ್ ಬಂತು ಅಂದ್ಕೊಂಡೆ. ಹೆಂಡತಿಗೂ ಹೇಳ್ಕೊಂಡು ತಿರುಗಿದೆ. ಇವತ್ತು ಆ ಒಟಿಲಿಯಾ ಬಾಯಿ ಮುಚ್ಚಿಸೋಣ ಅಂತ ನುಗ್ಗಿದೆ." ಅವನು ಬಿಕ್ಕಿದ. "ನಿನ್ನ ನಾಲ್ಕು ವರ್ಷ ನಾನೇ ನುಂಗ್ಬಿಟ್ಟೆ."

ತಾನು ಸುಮ್ಮನಿದ್ದರೆ ಈ ತಪ್ಪನ್ನು ಇವನು ಸಾಯುವ ತನಕ ಹೊರುತ್ತಾನೆ. ಹೇಳಿದರೆ, ವಾಪಸ್ ಬಂತೆಂದು ನಂಬಿರುವ ಆ ಕಾಲನ್ನು ತಾನೇ ಕಿತ್ತುಕೊಂಡಂತೆ. ಎರಡರಲ್ಲಿ ಯಾವುದು ಕಡಿಮೆ ಪಾಪವೋ ಎವರಿಸ್ತುವಿಗೆ ತಿಳಿಯಲಿಲ್ಲ.

"ತಪ್ಪು ನಿಂದಲ್ಲ. ನಾನೇ ನಿಧಾನ ಮಾಡ್ದೆ."

"ಇವತ್ತಾ?"

"ಚಳಿಗಾಲದಿಂದ."

ಬಿಕ್ಕುವುದು ನಿಂತಿತು. ಧ್ವನಿವರ್ಧಕದಲ್ಲಿ ಇಬ್ಬರ ಹೆಸರನ್ನೂ ಓದಿ, ಅನರ್ಹರೆಂದು ಸಾರಿದರು. ಅನ್ಸೆಲ್ಮು ಗಂಟು ಬಿಚ್ಚಿ, ಎವರಿಸ್ತುವಿನ ತೋಳು ಹಿಡಿದೆಬ್ಬಿಸಿ, ಹೊರಬಾಗಿಲ ಕಡೆಗೆ ನಡೆಸಿದ. ಬಿಸಿಲು ಕುತ್ತಿಗೆ ಸುಡುತ್ತಿತ್ತು.

"ಮೆಟ್ಟಿಲು. ಆರು."

ಎವರಿಸ್ತು ನಾಲ್ಕು ಹತ್ತಿದ. ತೋಳಿನ ಮೇಲಿನ ಕೈ ಜಾರಿತು.

"ತಾಳೋ," ಎಂದ ಅನ್ಸೆಲ್ಮು, ಕೆಳಗಿನಿಂದ. "ಮಂಡಿ ನೋಯ್ತಾ ಇದೆ."

ಒಂಬತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಎವರಿಸ್ತು ಕಂಬಿ ತಡವಿಕೊಂಡು ಮೆಟ್ಟಿಲಿಳಿದು, ಅವನ ಪಕ್ಕದಲ್ಲಿ ನಿಂತ.