ಜೇಬಿನಲ್ಲಿ ಮಿಕ್ಕ ಸ್ಕ್ರೂ

ತೀರಿಹೋದ ಗಂಡನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದ ಹೊತ್ತಿನಲ್ಲೇ ರುದ್ರಮ್ಮ ಸೆರಗಿನ ಗಂಟನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು. ಸ್ಕ್ರೂ ಅಲ್ಲೇ ಇತ್ತು. ಮೈದುನ ಶಿವಮಲ್ಲಪ್ಪ ಅಣ್ಣನ ಹಣೆಗೆ ವಿಭೂತಿ ಬಳಿದು, ಏಪ್ರಿಲ್ ತಿಂಗಳ ಸೆಕೆಗೆಂದು ಮೂಲೆಯಲ್ಲಿದ್ದ ಟೇಬಲ್ ಫ್ಯಾನನ್ನು ತಂದು ಎದುರಿಗಿಟ್ಟು ಗುಂಡಿ ಒತ್ತಿದ. ಅದು ಗಡಗಡ ಸದ್ದು ಮಾಡುತ್ತಾ ತಿರುಗತೊಡಗಿತು. ಅಳುವವರು ಆ ಸದ್ದಿನ ಮೇಲೆ ದನಿ ಏರಿಸಿ ಅಳಬೇಕಾಯಿತು.

ರುದ್ರಮ್ಮನಿಗೆ ಮಾತ್ರ ಅಳು ಬರಲೊಲ್ಲದು. ಅವಳ ಕಿವಿಯೆಲ್ಲ ಬೀದಿಯ ಕಡೆಗಿತ್ತು.

"ಮೂರು ಗಂಟ್ಗೆ ಮಣ್ಣು ಅತ್ಗೆ," ಎಂದ ಶಿವಮಲ್ಲಪ್ಪ. "ಐನೋರೂ ಬಂದವ್ರೆ. ಇನ್ಯಾರ್ಗೆ ಕಾಯದು?"

"ನರಸೀಪುರದ ಮೇಷ್ಟ್ರಿಗೆ ಕಣಪ್ಪ."

ರಕ್ತಸಂಬಂಧಿಗಳೆಲ್ಲ ಬಂದಾಗಿರುವಾಗ ಯಾವುದೋ ಊರಿನ ಮೇಷ್ಟ್ರಿಗೆ ಏಕೆ ಕಾಯಬೇಕೆಂದು ಅವನಿಗೆ ತಿಳಿಯಲಿಲ್ಲ. ಸಂಕಟದಲ್ಲಿ ಏನೋ ಆಡುತ್ತಾಳೆ ಅಂದುಕೊಂಡು ಐನೋರ ಕಡೆ ನಡೆದ.

*

ರುದ್ರಮ್ಮನ ಗಂಡ ಗುರುಮಲ್ಲಪ್ಪನವರು ಫ್ರಿಜ್ ರಿಪೇರಿಯವರು. ನಂಜನಗೂಡಿನಿಂದ ನರಸೀಪುರದ ತನಕ ಹನ್ನೊಂದು ಮನೆಯ ಫ್ರಿಜ್ಜುಗಳಿಗೆ ಅವರೇ ವೈದ್ಯರು. ಕೆಟ್ಟ ಮೇಲೆ ಕರೆಸಿಕೊಳ್ಳುವುದೆಂದರೆ ಅವರಿಗೆ ಅವಮಾನ. ಮೂರು ತಿಂಗಳಿಗೊಮ್ಮೆ ಕರೆಯದೆಯೇ ಹೋಗಿ, ಫ್ರಿಜ್ಜನ್ನು ಗೋಡೆಯಿಂದ ಎಳೆದು, ಹಿಂದಿನ ಕಪ್ಪು ಕೊಳವೆಗಳ ಧೂಳನ್ನು ಬ್ರಷ್ಷಿನಲ್ಲಿ ಉಜ್ಜಿ, ಬಾಗಿಲ ರಬ್ಬರು ಬಿಗಿಯಾಗಿದೆಯೇ ಎಂದು ಕಾಗದ ಸಿಕ್ಕಿಸಿ ಎಳೆದು ನೋಡಿ ಬರುತ್ತಿದ್ದರು.

"ಅದು ತಣ್ಣಗೆ ಮಾಡೋ ಪೆಟ್ಗೆ ಅಲ್ಲ ಕಣೆ," ಎನ್ನುತ್ತಿದ್ದರು. "ಒಳಗಿನ ಬಿಸಿಯ ಎತ್ತಿ ಹಿಂದಕ್ಕಾಕೋ ಪೆಟ್ಗೆ. ಹಿಂದ್ಗಡೆ ಧೂಳು ಕುಂತ್ರೆ ಬಿಸಿ ಎಲ್ಲಿಗೋದಾತು?"

ಊರ ಫ್ರಿಜ್ಜುಗಳಿಗೆಲ್ಲ ಈ ಉಪಚಾರ. ಸ್ವಂತ ಮನೆಗೆ ಮಾತ್ರ ದೀಪದ ಬುಡದ ಕತ್ತಲೆ. ರುದ್ರಮ್ಮ ಎರಡು ತಿಂಗಳು ಗೊಣಗಿದ ಮೇಲೆ ಮೊನ್ನೆ ಭಾನುವಾರ ಮನೆಯ ಫ್ಯಾನು ಬಿಚ್ಚಿ ಒರೆಸಿದರು. ಕರೆಂಟು ಹೋಗಿದ್ದರಿಂದ ತಿರುಗಿಸಿ ನೋಡದೆ ಮೂಲೆಗಿಟ್ಟರು.

ಮಾರನೆಯ ದಿನ ಅದೇ ಅಂಗಿಯಲ್ಲಿ ನರಸೀಪುರಕ್ಕೆ, ರಾಘವೇಂದ್ರ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರ ಹೆಂಡತಿ ವೆಂಕಟಲಕ್ಷ್ಮಿಗೆ ಸಕ್ಕರೆ ಕಾಯಿಲೆ; ದಿನವೂ ಚುಚ್ಚಿಕೊಳ್ಳುವ ಇನ್ಸುಲಿನ್ ಆ ಫ್ರಿಜ್ಜಿನಲ್ಲೇ ಇರಬೇಕು. ಸಂಜೆ ಹಿಂತಿರುಗಿ ಅಂಗಿ ಕಳಚುವಾಗ ಜೇಬಿನಿಂದ ಒಂದು ಸ್ಕ್ರೂ ಉರುಳಿತು. ಗುರುಮಲ್ಲಪ್ಪನವರ ಮುಖ ಬಿಳಿಚಿಕೊಂಡಿತು.

"ಇಪ್ಪತ್ತು ವರ್ಸದಲ್ಲಿ ಒಂದು ದಿನ ಮಿಗಿಸ್ಕೊಂಡು ಬಂದೋನಲ್ಲ ಕಣೆ. ಆ ತಾಯಿ ಔಸ್ದಿ ಕೆಟ್ಟೋದ್ರೆ?"

ಊಟ ಮುಟ್ಟಲಿಲ್ಲ. ಬೆಳಗಿನ ಮೊದಲ ಬಸ್ಸಿಗೆಂದು ಚಪ್ಪಲಿ ಮೆಟ್ಟುತ್ತಿದ್ದವರು ಹೊಸಿಲ ಬಳಿಯೇ ಕುಸಿದರು. ಸ್ಕ್ರೂ ಮುಷ್ಟಿಯಲ್ಲೇ ಇತ್ತು. ರುದ್ರಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, ಬಸ್ಸಿನ ಕಂಡಕ್ಟರ್ ಮಹದೇವನ ಹತ್ತಿರ ಮೇಷ್ಟ್ರಿಗೆ ಹೇಳಿ ಕಳಿಸಿದಳು: ಇವರು ಹೋಗಿಬಿಟ್ಟರು, ಫ್ರಿಜ್ಜಿನ ಸ್ಕ್ರೂ ಎಲ್ಲ ಇವೆಯೇ, ಒಳಗೆ ತಣ್ಣಗಿದೆಯೇ ನೋಡಿಕೊಳ್ಳಿ. ಮೇಷ್ಟ್ರ ಹೆಂಡತಿಗೆ ಏನೂ ಆಗಬಾರದೆಂಬುದೇ ಅವಳ ಚಿಂತೆ. ಕಡೆಯ ಕೆಲಸ ಕೆಡಿಸಿ ಹೋದರೆಂಬ ಮಾತೂ ಇವರ ಮೇಲೆ ಉಳಿಯಬಾರದು.

*

ಎರಡೂವರೆಗೆ ಮೇಷ್ಟ್ರು ಬಂದರು. ಹಾರ ಹಿಡಿದು ಬರಬೇಕಾದ ಕೈಯಲ್ಲಿ ಕೆಂಪು ಫ್ಲಾಸ್ಕು ಕಂಡು ಜನ ಪಿಳಿಪಿಳಿ ನೋಡಿದರು. ಸತ್ತವರಿಗೆ ಕೈ ಮುಗಿದು ಅವರು ನೇರ ರುದ್ರಮ್ಮನ ಬಳಿಗೆ ಬಂದರು.

"ಚೆನ್ನಾಗಿದೆ ಅಂತ ಬರೀ ಬಾಯಲ್ಲಿ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾರೆ ಅಂದ್ಕೋತೀರಂತ ನಮ್ಮನೆಯವಳು ಇದನ್ನ ಕೊಟ್ಟು ಕಳಿಸಿದ್ಲು ರುದ್ರಮ್ಮನೋರೆ. ಬೆಳಿಗ್ಗೆ ಕಟ್ಟಿದ ಐಸು."

ರುದ್ರಮ್ಮ ಫ್ಲಾಸ್ಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕಟಕಟ ಎಂದಿತು. ಫ್ರಿಜ್ಜನ್ನು ಎಳೆದು ನೋಡಿದೆವು, ಒಂದು ಸ್ಕ್ರೂ ಕೂಡ ಕಮ್ಮಿಯಿಲ್ಲ ಎಂದೂ ಮೇಷ್ಟ್ರು ಹೇಳಿದರು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದುಹೋಯಿತು. ಇಂಥ ದಿನ ಇಷ್ಟು ಹಗುರಾಗಬಹುದೇ ಎಂದು ಅವಳಿಗೇ ನಾಚಿಕೆಯಾಯಿತು.

ಹಾಗಾದರೆ ಈ ಸ್ಕ್ರೂ ಯಾವುದರದು?

ಫ್ಯಾನು ಗಡಗಡ ಎನ್ನುತ್ತಲೇ ಇತ್ತು. ರುದ್ರಮ್ಮ ತಿರುಗಿ ನೋಡಿದಳು. ಜಾಲರಿಯನ್ನು ಹಿಡಿದಿರಬೇಕಾದ ನಾಲ್ಕು ಸ್ಕ್ರೂಗಳಲ್ಲಿ ಮೂರೇ ಇದ್ದವು.

ಎದ್ದು ಹೋಗಿ ಫ್ಯಾನು ಆರಿಸಿದಳು. ಇಷ್ಟು ವರ್ಷ ಮುಟ್ಟದಿದ್ದ ಗಂಡನ ರಿಪೇರಿ ಚೀಲಕ್ಕೆ ಕೈಹಾಕಿ ಸ್ಕ್ರೂಡ್ರೈವರ್ ತೆಗೆದಳು. ಈಗ ಅದೆಲ್ಲ ಯಾಕೆಂದು ಶಿವಮಲ್ಲಪ್ಪ ಹತ್ತಿರ ಬಂದ. ಅವಳ ಮುಖ ನೋಡಿ ಹಿಂದೆ ಸರಿದ. ಗಂಟು ಬಿಚ್ಚಿ, ಸ್ಕ್ರೂ ಕೂರಿಸಿ, ಬಿಗಿಯಾಗುವ ತನಕ ತಿರುಗಿಸಿದಳು.

"ನೀವು ಮರ್ತಿದ್ದು ನಮ್ಮನೇದ್ನೇ ಕಣ್ರೀ," ಎಂದಳು ಗಂಡನ ಕಡೆ ತಿರುಗಿ. "ಊರೋರ್ದಲ್ಲ."

ಆಗ ಅಳು ಬಂತು. ಅಳುತ್ತಲೇ ಗುಂಡಿ ಒತ್ತಿದಳು. ಫ್ಯಾನು ಸದ್ದಿಲ್ಲದೆ ತಿರುಗಿತು. ಗುರುಮಲ್ಲಪ್ಪನವರ ಎದೆಯ ಮೇಲಿನ ಹಾರ ಅಲುಗಿತು. ಗಂಟು ಬಿಚ್ಚಿದ ಸೆರಗಿನ ತುದಿ, ಮುದುರಿದ ಗುರುತು ಇನ್ನೂ ಉಳಿದಿದ್ದ ಹಾಗೆಯೇ, ಗಾಳಿಗೆ ಹಾರಾಡತೊಡಗಿತು.